ಯೋಗ್ಯತೆಯ ಮಾತು ಆಮೇಲೆ, ಮೊದಲು ಊಟ

(ಈಸ್ಟರ್‌ಗೆ ಮುಂಚಿನ ಉಪವಾಸಕಾಲವಾದ ಲೆಂಟ್ ದಿನಗಳ ಒಂದು ಸಂಜೆ ಬೆಂಗಳೂರಿನ ಕನ್ನಡ ಸಭೆಯೊಂದರಲ್ಲಿ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಅವತ್ತು ಹೇಳಲು ಮರೆತದ್ದನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ವಂದನೆ. ಫ್ಯಾನಿನ ಸದ್ದು ಜಾಸ್ತಿ ಇದೆ. ಹಿಂದೆ ಕೂತವರಿಗೆ ಕೇಳದಿದ್ದರೆ ಕೈ ಎತ್ತಿ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು ನಾನು, ದನಿ ಏರಿಸೋದು ಕಷ್ಟವೇನಲ್ಲ.

ಪಾದ್ರಿ ಅಯ್ಯನವರು ನನಗೆ ಕೊಟ್ಟ ವಿಷಯ, 'ನಾನು ಯೋಗ್ಯನಲ್ಲ, ಆದರೂ ದೇವರು ಪ್ರೀತಿಸುತ್ತಾನೆ'. ಕೇಳಿದ ತಕ್ಷಣ ನನಗೆ ಬೈಬಲ್ ನೆನಪಾಗಲಿಲ್ಲ, ಬೈಗುಳ ನೆನಪಾಯಿತು. 'ಯೋಗ್ಯತೆ' ಅನ್ನೋ ಪದವನ್ನು ನಾವು ಹೊಗಳೋಕೆ ಬಳಸೋದು ಕಡಿಮೆ. 'ಯೋಗ್ಯತೆ ಇದ್ಯಾ ನಿಂಗೆ?', 'ನಿನ್ ಯೋಗ್ಯತೆಗೆ ಬೆಂಕಿ ಹಾಕ'. ಸಿಗ್ನಲ್ಲಿನಲ್ಲಿ ಗಾಡಿಗೆ ಗಾಡಿ ತಾಗಿದರೂ ಮೊದಲು ಹೊರಗೆ ಬರೋದು ಇದೇ ಮಾತು. ಹಾಗಾಗಿ ಚರ್ಚಿನಲ್ಲಿ ಕೂತು 'ನಾನು ಯೋಗ್ಯನಲ್ಲ' ಅಂದಾಗ, ನಮ್ಮನ್ನು ಯಾವತ್ತೋ ಯಾರೋ ಬೈದ ದನಿಯೂ ಜೊತೆಗೆ ಕೇಳಿಸುತ್ತದೆ.

ನನಗಂತೂ ಕೇಳಿಸೋದು ನನ್ನದೇ ದನಿ.

ಒಂಬತ್ತನೇ ತರಗತಿ, ಮಧ್ಯಾಹ್ನದ ಊಟ ಆದಮೇಲಿನ ಪೀರಿಯಡ್. ಒಬ್ಬ ಹುಡುಗನನ್ನು ಬೋರ್ಡಿಗೆ ಕರೆದೆ. ಅಪವರ್ತನದ ಲೆಕ್ಕ. ನಾಲ್ಕು ದಿನದಿಂದ ಅದನ್ನೇ ಹೇಳಿಕೊಡುತ್ತಿದ್ದೆ. ಅವನು ಬೋರ್ಡಿನ ಮುಂದೆ ಸುಮ್ನೆ ನಿಂತ. ಸೀಮೆಸುಣ್ಣವನ್ನು ಒತ್ತಿ ಹಿಡಿದದ್ದಕ್ಕೆ ಅದು ಪಟ್ ಅಂತ ಮುರಿಯಿತು. 'ನಿನ್ನ ಯೋಗ್ಯತೆಗೆ ಎಸ್ಸೆಸ್ಸೆಲ್ಸಿ ಬೇರೆ ಕೇಡು' ಅಂದೆ. ತರಗತಿಯೆಲ್ಲ ನಕ್ಕಿತು. ಅವನೂ ನಕ್ಕ. ಮುರಿದ ಎರಡು ಚೂರನ್ನೂ ಹೆಕ್ಕಿ ಡಬ್ಬಿಗೆ ಹಾಕಿ, ಕೈಯನ್ನು ಚಡ್ಡಿಗೆ ಒರೆಸಿಕೊಂಡು ಹೋಗಿ ಕೂತ.

ಅತ್ತಿದ್ದರೆ ಬಹುಶಃ ಮರೆತುಬಿಡುತ್ತಿದ್ದೆ. ಅವನು ನಕ್ಕದ್ದರಿಂದ ಉಳಿಯಿತು. ತನ್ನ ಬಗ್ಗೆ ನಾನು ಹೇಳಿದ್ದನ್ನು ಅವನು ಒಪ್ಪಿಕೊಂಡುಬಿಟ್ಟ ಅಂತ ಅನಿಸಿತು. ಮುಂದಿನ ಭಾನುವಾರ ಪಾಪದ ಅರಿಕೆ ಹೇಳುವಾಗ ಬಾಯಿ ಆಡುತ್ತಿತ್ತು, ಕಣ್ಣ ಮುಂದೆ ಆ ಸೀಮೆಸುಣ್ಣದ ಚೂರು.

ನಮ್ಮಲ್ಲಿ ತುಂಬಾ ಜನ ದೇವರನ್ನು ಇಂಥ ಒಬ್ಬ ಟೀಚರ್ ಮಾಡಿಕೊಂಡಿದ್ದೇವೆ. ಬೈದರೂ ಒಳ್ಳೆಯ ಟೀಚರು, ಕೊನೆಗೆ ಗ್ರೇಸ್ ಮಾರ್ಕ್ಸ್ ಕೊಟ್ಟು ಪಾಸು ಮಾಡ್ತಾರೆ ಅನ್ನೋ ನಂಬಿಕೆ ಬೇರೆ. ಬೈಬಲ್ಲಿನ ಕೃಪೆಯೂ ಗ್ರೇಸ್, ಪರೀಕ್ಷೆಯದ್ದೂ ಗ್ರೇಸ್. ಎರಡೂ ಒಂದೇ ಅಂದುಕೊಂಡಿದ್ದೇವೆ.

ಗ್ರೇಸ್ ಮಾರ್ಕ್ಸ್ ಹೇಗೆ ಅಂತ ನನಗೆ ಗೊತ್ತು. 2024ರ ಎಸ್ಸೆಸ್ಸೆಲ್ಸಿ ನೆನಪಿದೆಯಲ್ಲ? ಕೊಠಡಿಗಳಲ್ಲಿ ವೆಬ್‌ಕಾಸ್ಟಿಂಗ್ ಇಟ್ಟರು, ನಕಲು ನಿಂತಿತು, ಫಲಿತಾಂಶ ಧೊಪ್ಪನೆ ಬಿತ್ತು. ಗ್ರೇಸ್ ಅಂಕವನ್ನು ಶೇಕಡಾ 10ರಿಂದ 20ಕ್ಕೆ ಏರಿಸಿದರು. ಹಾಗೆ ಮಾಡಿದ ಮೇಲೂ ಪಾಸಾದವರು ಶೇಕಡಾ 73.40 ಮಾತ್ರ, ಹಿಂದಿನ ವರ್ಷ 83ರ ಮೇಲಿತ್ತು. ಆದರೆ ಆ ಗ್ರೇಸಿಗೂ ಒಂದು ಕನಿಷ್ಠ ಗೆರೆ ಇತ್ತು. ಆ ಗೆರೆಯನ್ನು ಶೇಕಡಾ 35ರಿಂದ 25ಕ್ಕೆ ಇಳಿಸಿದರು, ಅಳಿಸಲಿಲ್ಲ. ಅಂದರೆ ಪಾಸಿನ ಹತ್ತಿರ ಬಂದವನಿಗೆ ಕೈ ಕೊಟ್ಟು ಎತ್ತುತ್ತಾರೆ. ಖಾಲಿ ಪೇಪರ್ ಕೊಟ್ಟವನಿಗೆ ಯಾವ ಗ್ರೇಸೂ ಇಲ್ಲ. ಅದು ಸರಿಯೇ, ಪರೀಕ್ಷೆ ಅಂದಮೇಲೆ ಹಾಗೇ ಇರಬೇಕು.

ದೇವರ ವಿಷಯದಲ್ಲೂ ನಾವು ಇದೇ ಲೆಕ್ಕ ಹಾಕುತ್ತೇವೆ. 'ನಾನು ಇಪ್ಪತ್ತೈದರ ತನಕ ಬಂದುಬಿಟ್ಟರೆ ಉಳಿದದ್ದನ್ನು ಆತ ಹಾಕಿಕೊಡ್ತಾನೆ. ಆದರೆ ಅಷ್ಟಾದರೂ ನಾನು ತರಬೇಕಲ್ಲ.' ಕೆಟ್ಟ ವಾರ ಕಳೆದ ಭಾನುವಾರ ನಾವು ಚರ್ಚಿಗೆ ಬರದೇ ಇರೋದು ಇದಕ್ಕೇ. ಮೊದಲು ಇಪ್ಪತ್ತೈದು ತುಂಬಲಿ, ಆಮೇಲೆ ಮುಖ ತೋರಿಸೋಣ ಅಂತ.

ನಮ್ಮಜ್ಜಿಯ ಕತೆ ಹೇಳುತ್ತೇನೆ. ತುಮಕೂರು ಕಡೆಯವರು. ತಿಂಗಳ ಮೊದಲ ಭಾನುವಾರ ಕರ್ತನ ಭೋಜನ, ಅಂದರೆ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಸಂಸ್ಕಾರ ಇರುತ್ತಿತ್ತು. ಪ್ರಸಂಗ ಮುಗಿದು, ಅಯ್ಯನವರು ಬಿಳಿ ಬಟ್ಟೆ ತೆಗೆದು ರೊಟ್ಟಿಯ ತಟ್ಟೆ ಮುಟ್ಟುವ ಹೊತ್ತಿಗೆ ಅಜ್ಜಿ ಮೆಲ್ಲಗೆ ಎದ್ದು ಹೊರಗೆ ಹೋಗುತ್ತಿದ್ದರು. ಹೊಂಗೆ ಮರದ ಕೆಳಗೆ ಚಪ್ಪಲಿಗಳ ಪಕ್ಕ ಕೂರುತ್ತಿದ್ದರು. ಸೆರಗಿನ ಗಂಟಿನಲ್ಲಿ ಪೆಪ್ಪರ್‌ಮಿಂಟು. ನಾನು ಓಡಿಹೋದರೆ ಒಂದು ಕೊಡುತ್ತಿದ್ದರು. ಯಾಕಜ್ಜಿ ಒಳಗೆ ಬರಲ್ಲ ಅಂದರೆ, 'ನನ್ನ ಕೈ ಚೆನ್ನಾಗಿಲ್ಲ ಮಗ' ಅನ್ನುತ್ತಿದ್ದರು. ಅದರ ಹಿಂದೆ ಏನಿತ್ತೋ, ಯಾರಿಗೂ ಹೇಳಲಿಲ್ಲ. ಕೊನೆಯ ತನಕ ಹೊರಗೇ ಕೂತರು.

ಅವರನ್ನು ಹೊರಗೆ ಕೂರಿಸಿದ್ದು ಒಂದು ವಾಕ್ಯ. ಕೊರಿಂಥ ಊರಿನ ಸಭೆಗೆ ಬರೆದ ಪತ್ರದಲ್ಲಿ, 1 ಕೊರಿಂಥ 11ರಲ್ಲಿ, ಅಪೊಸ್ತಲ ಪೌಲ, ಅಯೋಗ್ಯವಾಗಿ ಈ ರೊಟ್ಟಿ ತಿಂದರೆ, ಈ ಪಾತ್ರೆಯಲ್ಲಿ ಕುಡಿದರೆ ಅಪರಾಧ ಅನ್ನುತ್ತಾನೆ. ಆ ವಾಕ್ಯ ಓದಿ ಹೆದರಿದವರು ಈ ಹಾಲಿನಲ್ಲೂ ಇದ್ದೀರಿ, ನನಗೆ ಗೊತ್ತು. ಆದರೆ ಸ್ವಲ್ಪ ನಿಧಾನವಾಗಿ ಓದಿ. 'ಅಯೋಗ್ಯರಾದವರು ತಿಂದರೆ' ಅಂತ ಅಲ್ಲಿಲ್ಲ. 'ಅಯೋಗ್ಯವಾಗಿ ತಿಂದರೆ' ಅಂತಿದೆ. ಗ್ರೀಕಿನಲ್ಲೂ ಅದು ತಿನ್ನುವ ರೀತಿಗೆ ಹೇಳಿದ ಮಾತು, ತಿನ್ನುವ ಮನುಷ್ಯನಿಗಲ್ಲ. ಯಾವ ರೀತಿ ಅದು? ಹತ್ತು ವಾಕ್ಯ ಮೇಲೆ ಹೋದರೆ ಸಿಗುತ್ತದೆ. ಕೊರಿಂಥದ ಸಭೆಯಲ್ಲಿ ಉಳ್ಳವರು ತಮ್ಮ ಊಟ ತಂದು ಮೊದಲೇ ತಿಂದು ಮುಗಿಸುತ್ತಿದ್ದರು. ಒಬ್ಬ ಕುಡಿದು ಮತ್ತನಾಗಿದ್ದಾನೆ, ಇನ್ನೊಬ್ಬ ಹಸಿದು ಕೂತಿದ್ದಾನೆ. ಪೌಲನಿಗೆ ಸಿಟ್ಟು ಬಂದದ್ದು ಅದಕ್ಕೆ. ಪರಿಹಾರ ಏನು ಹೇಳಿದ? 'ಒಬ್ಬರಿಗೊಬ್ಬರು ಕಾದುಕೊಂಡಿರಿ' ಅಂದ. ಪ್ರತಿಯೊಬ್ಬನೂ ತನ್ನನ್ನು ಪರೀಕ್ಷಿಸಿಕೊಂಡು ತಿನ್ನಲಿ ಅಂದ. ಪರೀಕ್ಷಿಸಿಕೊಂಡು ಎದ್ದು ಹೋಗಲಿ ಅನ್ನಲಿಲ್ಲ.

ಹಸಿದವನನ್ನು ಬಿಟ್ಟು ಉಂಡವರಿಗೆ ಹೇಳಿದ ಮಾತಿಗೆ ಹೆದರಿ ನಮ್ಮಜ್ಜಿ ಹಸಿದುಕೊಂಡೇ ಹೊರಗೆ ಕೂತರು. ಇದು ನನ್ನನ್ನು ಇವತ್ತಿಗೂ ಕಾಡುತ್ತದೆ. ಅದೇ ಅಜ್ಜಿ ಮನೆಯಲ್ಲಿ ಹೇಗಿದ್ದರು ಗೊತ್ತಾ? ಮಧ್ಯಾಹ್ನ ಹನ್ನೆರಡಕ್ಕೆ ಅಂಚೆಯವನು ಬಂದರೂ ಮುದ್ದೆ ಉಂಡು ಹೋಗು ಅನ್ನುತ್ತಿದ್ದರು. ಬಡಿಸೋ ಮೊದಲು ಯಾರ ಯೋಗ್ಯತೆಯನ್ನೂ ಕೇಳಿದವರಲ್ಲ.

ಇಲ್ಲಿಂದ ನನಗೆ ಬೈಬಲ್ಲನ್ನು ಬೇರೆ ಥರ ಓದುವ ಅಭ್ಯಾಸ ಬಂತು. 'ನಾನು ಯೋಗ್ಯನಲ್ಲ' ಅಂತ ಯಾರ್ಯಾರು ಹೇಳುತ್ತಾರೆ, ಅದಕ್ಕೆ ಏನು ಉತ್ತರ ಸಿಗುತ್ತದೆ ಅಂತ ಹುಡುಕಿದೆ. ಉತ್ತರ ಸಿಗೋದೇ ಇಲ್ಲ!

ಲೂಕ 15, ತಪ್ಪಿಹೋದ ಮಗ. ಎಲ್ಲರಿಗೂ ಬಾಯಿಪಾಠ. ಅಪ್ಪನಿಂದ ಪಡೆದ ಆಸ್ತಿಯನ್ನೆಲ್ಲ ಹಾಳುಮಾಡಿ, ದೂರದ ಊರಲ್ಲಿ ಹಂದಿ ಕಾಯುತ್ತಾ ಅವನು ಮನೆಗೆ ಮರಳುವಾಗ ಹೇಳೋಕೆ ಒಂದು ಭಾಷಣ ಸಿದ್ಧ ಮಾಡಿಕೊಳ್ಳುತ್ತಾನೆ. ಮೂರು ಮಾತು. ಒಂದು, ಅಪ್ಪಾ, ಪಾಪ ಮಾಡಿದ್ದೇನೆ. ಎರಡು, ನಿನ್ನ ಮಗ ಅನಿಸಿಕೊಳ್ಳಲು ನಾನು ಯೋಗ್ಯನಲ್ಲ. ಮೂರು, ನನ್ನನ್ನು ಕೂಲಿಯಾಳಾಗಿ ಇಟ್ಟುಕೋ. ದಾರಿಯುದ್ದಕ್ಕೂ ಗಟ್ಟು ಹೊಡೆದಿರುತ್ತಾನೆ, ವೈವಾಗೆ ಹೋಗೋ ಹುಡುಗರ ಥರ. ಮನೆ ಮುಂದೆ ಬಂದು ಎಷ್ಟು ಹೇಳಿದ, ಎಣಿಸಿ ನೋಡಿ. ಎರಡೇ. ಮೂರನೆಯದಕ್ಕೆ ಅಪ್ಪ ಜಾಗವನ್ನೇ ಕೊಡಲಿಲ್ಲ. 'ಹಾಗನ್ನಬೇಡ ಮಗನೇ, ನೀನು ಯೋಗ್ಯನೇ' ಅಂತಲೂ ಅನ್ನಲಿಲ್ಲ. 'ಹೌದು, ನೀನು ಅಯೋಗ್ಯ, ಆದರೂ ಕ್ಷಮಿಸಿದ್ದೇನೆ' ಅಂತಲೂ ಅನ್ನಲಿಲ್ಲ. ಆಳುಗಳ ಕಡೆ ತಿರುಗಿ ಬಟ್ಟೆ ತನ್ನಿ, ಉಂಗುರ ತನ್ನಿ, ಜೋಡು ತನ್ನಿ, ಕೊಬ್ಬಿದ ಕರು ಕೊಯ್ಯಿರಿ ಅಂದ. ಮಗ ಯೋಗ್ಯತೆ ಅಂದರೆ ಅಪ್ಪ ಅಡುಗೆ ಅಂದ.

ಲೂಕ 7ಕ್ಕೆ ಬನ್ನಿ, ಕಪೆರ್ನೌಮ್ ಊರಿನ ಶತಾಧಿಪತಿ, ಅಂದರೆ ನೂರು ಸೈನಿಕರ ಮೇಲಿನ ಅಧಿಕಾರಿ. ಇದರಲ್ಲಿ ನಮ್ಮ ಊರಿನ ವಾಸನೆ ಇದೆ, ಯಾಕಂದ್ರೆ ಶಿಫಾರಸು ಇದೆ. ಅವನ ಆಳಿಗೆ ಕಾಯಿಲೆ. ಊರ ಹಿರಿಯರು ಯೇಸುವಿನ ಹತ್ತಿರ ಬಂದು, 'ನಿನ್ನಿಂದ ಇದನ್ನು ಮಾಡಿಸಿಕೊಳ್ಳಲು ಅವನು ಯೋಗ್ಯ, ನಮಗೆ ಸಭಾಮಂದಿರ ಕಟ್ಟಿಸಿಕೊಟ್ಟಿದ್ದಾನೆ' ಅನ್ನುತ್ತಾರೆ. ಅಷ್ಟರಲ್ಲಿ ಆ ಮನುಷ್ಯನೇ ಬೇರೆ ಗೆಳೆಯರ ಕೈಲಿ ಹೇಳಿ ಕಳಿಸುತ್ತಾನೆ. 'ನೀನು ನನ್ನ ಮನೆಗೆ ಬರಲು ನಾನು ಯೋಗ್ಯನಲ್ಲ, ಒಂದು ಮಾತು ಹೇಳು, ಸಾಕು.' ಒಂದೇ ಮನುಷ್ಯ. ಊರವರ ಪ್ರಕಾರ ಯೋಗ್ಯ, ತನ್ನ ಪ್ರಕಾರ ಅಲ್ಲ. ಲೂಕ ಹಿರಿಯರ ಬಾಯಲ್ಲಿ ಇಟ್ಟ ಗ್ರೀಕ್ ಪದ 'ಆಕ್ಸಿಯೊಸ್'. ಅದರ ಬೇರು ತಕ್ಕಡಿಯಲ್ಲಿದೆ, ತೂಕಕ್ಕೆ ತೂಕ ಸಮ ಬರುವುದು ಅಂತ. ಹಿರಿಯರು ಸಭಾಮಂದಿರವನ್ನು ತಕ್ಕಡಿಗೆ ಇಟ್ಟರು. ಯಾರ ತೂಕ ಸರಿ? ಯೇಸು ತೀರ್ಪು ಕೊಡುವುದಿಲ್ಲ. ಇಂಥ ನಂಬಿಕೆಯನ್ನು ಇಸ್ರಾಯೇಲಿನಲ್ಲೂ ಕಾಣಲಿಲ್ಲ ಅಂತ ಆಶ್ಚರ್ಯಪಡುತ್ತಾನೆ. ಆಳು ಗುಣವಾಗುತ್ತಾನೆ. ತಕ್ಕಡಿ ಅಲ್ಲೇ ತೂಗಾಡುತ್ತಾ ಉಳಿಯುತ್ತದೆ.

ಈ ಶತಾಧಿಪತಿಯ ಮಾತನ್ನೇ ನಮ್ಮ ಕಥೋಲಿಕ ಬಂಧುಗಳು ಪ್ರತಿ ಬಲಿಪೂಜೆಯಲ್ಲಿ, ಪರಮಪ್ರಸಾದ ತೆಗೆದುಕೊಳ್ಳುವ ಮುಂಚೆ ಹೇಳುತ್ತಾರೆ. ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದಲ್ಲಿ ಗೆಳತಿಯ ಜೊತೆ ಒಮ್ಮೆ ನಿಂತಿದ್ದೆ. ಸೆಪ್ಟೆಂಬರ್ 8ರ ಹಬ್ಬದ ದಿನ, ಕಾಲಿಡೋಕೆ ಜಾಗ ಇಲ್ಲ. ನಾನು ಯೋಗ್ಯಳಲ್ಲ ಅಂತ ಅಷ್ಟೂ ಜನ ಒಟ್ಟಿಗೆ ಹೇಳಿದರು. ಹೇಳಿ ಮನೆಗೆ ಹೋದರಾ? ಇಲ್ಲ, ಸಾಲು ನಿಂತರು! ನಮ್ಮಲ್ಲೂ ಅಷ್ಟೇ. ಮೇಜಿನ ಕೆಳಗೆ ಬಿದ್ದ ಚೂರುಗಳನ್ನು ಆರಿಸುವುದಕ್ಕೂ ನಾವು ಯೋಗ್ಯರಲ್ಲ ಅನ್ನುವ ಪ್ರಾರ್ಥನೆ ಇದೆಯಲ್ಲ, ಇಂಗ್ಲೆಂಡಿನ ಆರ್ಚ್‌ಬಿಷಪ್ ಕ್ರ್ಯಾನ್ಮರ್ 1548ರ ಹೊತ್ತಿಗೆ ಬರೆದದ್ದು, ಅದನ್ನು ಹೇಳಿ ನೇರ ಮೇಜಿನ ಮುಂದೆ ಹೋಗಿ ಮೊಣಕಾಲೂರುತ್ತೇವೆ. ಗಣಿತದ ದೃಷ್ಟಿಯಿಂದ ನೋಡಿದರೆ ಈ ಎರಡು ಹೆಜ್ಜೆಗೆ ಸಂಬಂಧವೇ ಇಲ್ಲ. ನಾನು ಪೇಪರ್ ತಿದ್ದಿದ್ದರೆ 'ಹೇಗೆ?' ಅಂತ ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದೆ.

ಯೇಸುವಿನ ಶಿಷ್ಯ, ಮೀನುಗಾರ ಪೇತ್ರನ ಕತೆ ನನಗೆ ತುಂಬಾ ಇಷ್ಟ. ಮೊದಲ ಸಲ ಬಲೆ ತುಂಬ ಮೀನು ಸಿಕ್ಕಾಗ, 'ನನ್ನನ್ನು ಬಿಟ್ಟು ಹೋಗು, ನಾನು ಪಾಪಿ' ಅಂದ. ಯೇಸು ಹೋಗಲಿಲ್ಲ. ಕೊನೆಗೆ, ಯೇಸುವನ್ನು ಹಿಡಿದೊಯ್ದ ರಾತ್ರಿ, ಈ ಪೇತ್ರನೇ, ಆ ಮನುಷ್ಯ ಯಾರೋ ನನಗೆ ಗೊತ್ತಿಲ್ಲ ಅಂದುಬಿಟ್ಟ. ಮೂರು ಸಲ. ಮಹಾಯಾಜಕನ ಅಂಗಳದಲ್ಲಿ ಚಳಿ ಕಾಯಿಸಿಕೊಳ್ಳಲು ಇದ್ದಿಲ ಬೆಂಕಿ ಹಾಕಿದ್ದರು ಅಂತ ಯೋಹಾನ ಬರೆಯುತ್ತಾನೆ. 'ಇದ್ದಿಲ ಬೆಂಕಿ' ಅನ್ನೋ ಆ ಗ್ರೀಕ್ ಪದ ಇಡೀ ಹೊಸ ಒಡಂಬಡಿಕೆಯಲ್ಲಿ ಬರೋದು ಎರಡೇ ಕಡೆ. ಒಂದು ಅಲ್ಲಿ. ಇನ್ನೊಂದು 21ನೇ ಅಧ್ಯಾಯದಲ್ಲಿ, ಸಮುದ್ರದ ದಡದಲ್ಲಿ. ಸಾವಿನಿಂದ ಎದ್ದುಬಂದ ಯೇಸು ಇದ್ದಿಲ ಮೇಲೆ ಮೀನು ಸುಡುತ್ತಿದ್ದಾನೆ. ಪೇತ್ರನಿಗೆ ಆ ಹೊಗೆಯ ವಾಸನೆ ಹೇಗೆ ಅನಿಸಿರಬೇಕು ನೋಡಿ. ಈಗ ಕೇಳ್ತಾನೆ, ಈಗ ಬೈತಾನೆ ಅಂತ ಎದೆ ಹೊಡೆದುಕೊಂಡಿರಬೇಕು. ಯೇಸುವಿನ ಬಾಯಿಂದ ಬಂದದ್ದು, ಬನ್ನಿ, ಊಟ ಮಾಡಿ. ಆಮೇಲೆ ಕೇಳಿದ್ದೂ ಯಾಕೆ ಹಾಗೆ ಮಾಡಿದೆ ಅಂತಲ್ಲ, ನನ್ನನ್ನು ಪ್ರೀತಿಸುತ್ತೀಯಾ ಅಂತ. (ಬಲೆಯಲ್ಲಿದ್ದ ಮೀನು 153 ಅಂತ ಯೋಹಾನ ಲೆಕ್ಕ ಕೊಡುತ್ತಾನೆ. ಅಂಥ ಹೊತ್ತಲ್ಲೂ ಯಾರೋ ಕೂತು ಎಣಿಸಿದ್ದಾರೆ. ಅವರು ನಮ್ಮ ಜಾತಿ, ಗಣಿತದವರು.)

ಇನ್ನೊಬ್ಬ ಇದ್ದಾನೆ, ಅವನ ಬಗ್ಗೆ ಪ್ರಸಂಗ ಕಡಿಮೆ. ಮೆಫೀಬೋಶೆತ್, 2 ಸಮುವೇಲ 9. ದಾವೀದನಿಗಿಂತ ಮುಂಚಿನ ಅರಸ ಸೌಲನ ಮೊಮ್ಮಗ, ದಾವೀದನ ಗೆಳೆಯ ಯೋನಾತಾನನ ಮಗ. ಐದು ವರ್ಷದವನಿದ್ದಾಗ ದಾದಿ ಎತ್ತಿಕೊಂಡು ಓಡುವ ಗಡಿಬಿಡಿಯಲ್ಲಿ ಬೀಳಿಸಿದಳು, ಎರಡೂ ಕಾಲು ಕುಂಟಾಯಿತು. ಮುಂದೆ ದಾವೀದ ಅವನನ್ನು ಹುಡುಕಿಸಿ ಕರೆಸುತ್ತಾನೆ. ಸತ್ತ ನಾಯಿಯಂಥ ನನ್ನನ್ನು ಯಾಕೆ ನೋಡುತ್ತೀಯ ಅನ್ನುತ್ತಾನೆ ಇವನು. ದಾವೀದ ಅದಕ್ಕೂ ಉತ್ತರ ಕೊಡದೆ ಸೌಲನ ಆಳು ಚೀಬನನ್ನು ಕರೆದು, ಇವನ ಹೊಲ ನೀನು ಉಳು, ಇವನು ನನ್ನ ಮೇಜಿನಲ್ಲಿ ಊಟ ಮಾಡುತ್ತಾನೆ ಅನ್ನುತ್ತಾನೆ. ಆ ಅಧ್ಯಾಯದ ಕೊನೆಯ ಸಾಲನ್ನು ಗಮನಿಸಿ. ಅವನು ಯಾವಾಗಲೂ ಅರಸನ ಪಂಕ್ತಿಯಲ್ಲಿ ಊಟ ಮಾಡುತ್ತಿದ್ದ, ಅವನ ಎರಡು ಕಾಲೂ ಕುಂಟಾಗಿದ್ದವು. ಕಾಲು ವಾಸಿಯಾಯಿತು ಅಂತ ಬರೆದಿದ್ದರೆ ಕತೆ ಚೆಂದ ಇರುತ್ತಿತ್ತು. ಬರೆದವನು ಸುಳ್ಳು ಹೇಳಲಿಲ್ಲ. ದಿನಾ ಕುಂಟುತ್ತಾ ಬಂದ, ದಿನಾ ಉಂಡ.

ಪ್ರೊಟೆಸ್ಟೆಂಟ್ ಸುಧಾರಣೆಗೆ ಕಾರಣನಾದ ಜರ್ಮನಿಯ ಮಾರ್ಟಿನ್ ಲೂಥರ್ ಬಗ್ಗೆ ಎರಡೇ ಮಾತು. 1505ರಲ್ಲಿ ಎರ್ಫರ್ಟಿನ ಮಠ ಸೇರಿದವನು, ಪಾಪನಿವೇದನೆಗೆ ಹೋದರೆ ಗಂಟೆಗಟ್ಟಲೆ ಎದ್ದೇಳುತ್ತಿರಲಿಲ್ಲವಂತೆ. ಹೊರಗೆ ಬಂದು ಇನ್ನೊಂದು ನೆನಪಾಗಿ ಮತ್ತೆ ಓಡುತ್ತಿದ್ದ. 1518ರಲ್ಲಿ ಹೈಡೆಲ್‌ಬರ್ಗಿನ ವಾದದಲ್ಲಿ ಅವನು ಇಟ್ಟ ಕೊನೆಯ ದೈವಶಾಸ್ತ್ರದ ಪ್ರಮೇಯದ ಸಾರ ಇಷ್ಟು: ಮನುಷ್ಯನ ಪ್ರೀತಿ ಇಷ್ಟವಾಗುವಂಥದ್ದನ್ನು ಕಂಡು ಹುಟ್ಟುತ್ತದೆ, ದೇವರ ಪ್ರೀತಿ ಅಂಥದ್ದನ್ನು ಹುಡುಕುವುದಿಲ್ಲ, ತಾನೇ ಉಂಟುಮಾಡುತ್ತದೆ. ಪ್ರಮೇಯ ಅಂದದ್ದಕ್ಕೆ ನನಗೆ ಖುಷಿ, ಅಷ್ಟೇ. ಮುಂದೆ ಹೋಗೋಣ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ದೇವರ ಒಳ್ಳೆಯತನ ಕಂಡು 'ನಾನೆಷ್ಟರವನು' ಅನಿಸುವುದು ಒಂದು. ಇನ್ನೊಬ್ಬರು ನಮ್ಮ ಹಣೆಗೆ ಅಯೋಗ್ಯ ಅಂತ ಚೀಟಿ ಅಂಟಿಸುವುದು ಇನ್ನೊಂದು. ಎರಡನ್ನೂ ಬೆರೆಸಬೇಡಿ. ಕನ್ನಡ ನಾಡಿನ ಎಷ್ಟೋ ಕ್ರೈಸ್ತ ಮನೆಗಳ ಹಿರಿಯರು ತಲೆತಲಾಂತರ ಬಾವಿಯ ಹತ್ತಿರ ಬರಬೇಡ ಅನಿಸಿಕೊಂಡವರು. ಅವರಿಗೆ ನೀನು ಯೋಗ್ಯನಲ್ಲ ಅಂತ ಯಾವ ಬೋಧಕರೂ ಹೇಳಿಕೊಡಬೇಕಾಗಿರಲಿಲ್ಲ. ಚರ್ಚೂ ಇದರಲ್ಲಿ ಸಾಚಾ ಅಲ್ಲ. ದಕ್ಷಿಣದ ಕೆಲವು ಸಭೆಗಳಲ್ಲಿ ಸಂಸ್ಕಾರದ ಪಾತ್ರೆಯ ಹತ್ತಿರವೂ ಜಾತಿ ಬಂದು ಕೂತಿತ್ತು. 1833ರಲ್ಲಿ ಕಲ್ಕತ್ತೆಯ ಬಿಷಪ್ ಡ್ಯಾನಿಯಲ್ ವಿಲ್ಸನ್, ಜಾತಿಭೇದವನ್ನು ಈಗಲೇ ಪೂರ್ತಿ ಬಿಡಬೇಕು ಅಂತ ಪತ್ರ ಬರೆದಾಗ, ಅದನ್ನು ಬಿಡುವ ಬದಲು ಚರ್ಚನ್ನೇ ಬಿಟ್ಟವರು ಇದ್ದರು. ಗಂಡನ ಕೈಲಿ ಹೊಡೆತ ತಿನ್ನುವ ಹೆಣ್ಣುಮಗಳಿಗೆ 'ನಾವೆಲ್ಲ ಅಯೋಗ್ಯರು, ತಾಳಿಕೋ' ಅಂತ ಉಪದೇಶ ಮಾಡುವವರನ್ನು ನಾನೇ ಕೇಳಿದ್ದೇನೆ. ಅದು ಸುವಾರ್ತೆ ಅಲ್ಲ. ಅದು ಒಂಬತ್ತನೇ ತರಗತಿಯಲ್ಲಿ ನಾನು ಮಾಡಿದ್ದೇ, ಬೈಬಲ್ ಕೈಲಿ ಹಿಡಿದು ಮಾಡಿದ್ದು.

ಮಾತು ಮುಗಿದಮೇಲೆ ಒಬ್ಬ ಹುಡುಗ ಎದ್ದು ಕೇಳಿದ, ಕೊರಳಲ್ಲಿ ಇನ್ನೂ ಕಂಪನಿಯ ಐಡಿ ಕಾರ್ಡು. 'ಮೇಡಂ, ದೇವರು ಪ್ರೀತಿಸ್ತಾನೆ ಅಂತ ಗೊತ್ತು. ಆದರೆ ಅನಿಸಲ್ಲ. ಏನ್ಮಾಡ್ಲಿ?' ಹಾಲ್ ಪೂರ್ತಿ ಸುಮ್ಮನಾಯಿತು. ಒಳ್ಳೆಯ ಪ್ರಶ್ನೆ, ಯಾಕಂದ್ರೆ ಅದಕ್ಕೆ ಧೈರ್ಯ ಬೇಕು.

ನಾನು ಹೇಳಿದ್ದು ಇದು. ನಮ್ಮ ಹೃದಯ ನಮ್ಮನ್ನು ದೋಷಿ ಅಂದರೂ ದೇವರು ನಮ್ಮ ಹೃದಯಕ್ಕಿಂತ ದೊಡ್ಡವನು ಅಂತ ಯೋಹಾನನ ಮೊದಲ ಪತ್ರದ ಮೂರನೇ ಅಧ್ಯಾಯದಲ್ಲಿದೆ. ಅನಿಸುವುದು ಬಿಡುವುದು ಹೃದಯದ ಕೆಲಸ, ಅದು ಕೆಲವೊಮ್ಮೆ ತಪ್ಪು ಲೆಕ್ಕ ಕೊಡುತ್ತದೆ. ಮೆಫೀಬೋಶೆತ್‌ಗೆ ಪ್ರತಿ ದಿನ ರಾಜಕುಮಾರ ಅಂತ ಅನಿಸಿರುತ್ತಾ? ನನಗೆ ಅನುಮಾನ. ಊಟದ ಹೊತ್ತಿಗೆ ಬಂದು ಕೂರುತ್ತಿದ್ದ, ಅಷ್ಟೇ. ಇನ್ನೊಂದನ್ನೂ ಅವನಿಗೆ ಹೇಳಿದೆ. ನಾನು ಯಾವುದಕ್ಕೂ ಬಾರದವನು ಅಂತ ವಾರಗಟ್ಟಲೆ ಅನಿಸುತ್ತಿದ್ದರೆ, ನಿದ್ದೆ ಬರದಿದ್ದರೆ, ಊಟ ಸೇರದಿದ್ದರೆ, ಅದನ್ನು ಬರೀ ಆತ್ಮಿಕ ಸಮಸ್ಯೆ ಅಂತ ಹೊತ್ತು ತಿರುಗಬೇಡ. ಡಾಕ್ಟರ್ ಹತ್ತಿರ ಹೋಗು. ನಿಮ್ಹಾನ್ಸ್ ನಮ್ಮ ಊರಲ್ಲೇ ಇದೆ. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, 14416, ಕನ್ನಡದಲ್ಲೇ ಮಾತಾಡಬಹುದು. ಕಾಲು ಮುರಿದರೆ ಪ್ರಾರ್ಥನೆಯನ್ನೂ ಮಾಡ್ತೀವಿ, ಪಟ್ಟಿಯನ್ನೂ ಹಾಕಿಸ್ತೀವಿ ಅಲ್ವಾ?

ಅವತ್ತು ಸಮಯ ಮುಗಿದದ್ದರಿಂದ ಒಂದು ವಿಷಯ ಹೇಳಲಿಲ್ಲ. ಇಲ್ಲಿ ಬರೆಯುತ್ತೇನೆ.

ಆ ಹುಡುಗ, ಸೀಮೆಸುಣ್ಣದವನು, ಹನ್ನೆರಡು ವರ್ಷ ಆದಮೇಲೆ ನಮ್ಮ ಮನೆಗೆ ಬಂದ. ಗುರುತೇ ಸಿಗಲಿಲ್ಲ. ಹೆಸರು ಹೇಳಿದಮೇಲೆ ನನ್ನ ಕೈಕಾಲು ತಣ್ಣಗಾದವು. ಕುರ್ಚಿಯ ತುದಿಯಲ್ಲಿ ಕೂತು ಮದುವೆಯ ಕಾರ್ಡ್ ಚಾಚಿದ. ನಾನು ಅದನ್ನು ತೆಗೆದುಕೊಳ್ಳದೆ, 'ನೋಡಪ್ಪಾ, ಒಂಬತ್ತನೇ ಕ್ಲಾಸಿನಲ್ಲಿ ನಾನು ನಿನಗೆ ಒಂದು ಮಾತು ಅಂದಿದ್ದೆ...' ಅಂತ ಶುರು ಮಾಡಿದೆ. ಅವನಿಗೆ ನೆನಪಿತ್ತಾ? ಗೊತ್ತಾಗಲಿಲ್ಲ. ನನ್ನನ್ನು ಒಂದು ಕ್ಷಣ ನೋಡಿದ. ಆಮೇಲೆ, 'ಮೇಡಂ, ಭಾನುವಾರ ರಿಸೆಪ್ಷನ್ನು, ಸೋಮವಾರ ಮುಹೂರ್ತ. ಎರಡಕ್ಕೂ ಆಗದಿದ್ದರೆ ಸೋಮವಾರ ಬನ್ನಿ. ಊಟ ಮಾಡ್ಕೊಂಡೇ ಹೋಗ್ಬೇಕು' ಅಂದ.

ಸೋಮವಾರ ಹೋದೆ. ಮಾಗಡಿ ರಸ್ತೆಯ ಛತ್ರ. ಮೊದಲ ಪಂಕ್ತಿ ತುಂಬಿತ್ತು, ಎರಡನೆಯದರಲ್ಲಿ ಜಾಗ ಸಿಕ್ಕಿತು. ಎಲೆಗೆ ನೀರು ಚಿಮುಕಿಸಿ ಒರೆಸುತ್ತಿದ್ದೆ. ಮದುಮಗ ಪೇಟ ಸರಿಮಾಡಿಕೊಳ್ಳುತ್ತಾ ಸಾಲಿನ ಉದ್ದಕ್ಕೂ ಎಲ್ಲರನ್ನೂ ಮಾತಾಡಿಸಿಕೊಂಡು ಬಂದ. ನನ್ನ ಎದುರು ನಿಂತು ಬಡಿಸುವವನನ್ನು ಕೂಗಿದ. 'ಇಲ್ಲಿ ನಮ್ಮ ಮೇಡಂಗೆ ಇನ್ನೊಂದು ಒಬ್ಬಟ್ಟು ಹಾಕಪ್ಪ, ತುಪ್ಪ ಜಾಸ್ತಿ ಬಿಡು.'

ನನಗೆ ಶುಗರ್ ಇದೆ. ಎರಡನ್ನೂ ತಿಂದೆ.